ಸೈನಿಕರ ಮನೆಯ ವಿಶೇಷ ಮಗು

ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದವರಿದ್ದಾರೆ. ಅಂಥವರ ಮನೆಯಲ್ಲಿ ಆಟಿಸಂ ಇರುವ ಮಗುವಿದ್ದರೆ ತಂದೆ-ತಾಯಿಯರನ್ನು ಕಾಡುವ ಪ್ರಶ್ನೆ ಒಂದೇ: ನಮ್ಮ ನಂತರ ಈ ಕೂಸಿಗೆ ಯಾರು ಗತಿ?

ಆಟಿಸಂ ಹುಚ್ಚಲ್ಲ, ಯಾರ ಶಾಪವೂ ಅಲ್ಲ. ಮೆದುಳಿನ ಬೆಳವಣಿಗೆಯೇ ಬೇರೆ ಬಗೆಯದಾದ್ದರಿಂದ ಮಾತು, ಒಡನಾಟಗಳೂ ಬೇರೆಯಾಗಿರುತ್ತವೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದರ ಹೆಸರೇ ಇರಲಿಲ್ಲ. 2016ರ ಕಾಯ್ದೆ ಇದನ್ನು 21 ವಿಧಗಳಲ್ಲಿ ಒಂದೆಂದು ಸೇರಿಸಿತು.

ಸೈನಿಕರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಮೊದಲು ಪತ್ನಿಗೆ, ಆಮೇಲೆ ಮಕ್ಕಳಿಗೆ ಹೋಗುತ್ತದೆ. ಗಂಡುಮಕ್ಕಳಿಗೆ ಸಾಮಾನ್ಯವಾಗಿ ಅದು 25 ವರ್ಷಕ್ಕೆ ನಿಲ್ಲುತ್ತದೆ. ಆದರೆ ದುಡಿದು ಬದುಕಲಾರದಷ್ಟು ವೈಕಲ್ಯವಿರುವ ಮಗುವಿಗೆ ಅದು ಜೀವಮಾನವಿಡೀ ಸಿಗಬಲ್ಲದು. ಇದನ್ನು ಅರಿಯದ ಪಾಲಕರೇ ಹೆಚ್ಚೆಂದು ನಮಗೆ ತೋರುತ್ತದೆ.

ಇದಕ್ಕೆ ಮೊದಲು ಬೇಕಾದದ್ದು ಸರಕಾರಿ ವೈದ್ಯರ ಪ್ರಮಾಣಪತ್ರ. ಆಟಿಸಂ ಅಳೆಯಲು 40 ಅಂಶಗಳ ಭಾರತೀಯ ಮಾಪನವೊಂದಿದೆ. ಮರಾಠಿ ಕಾಗದಗಳಲ್ಲಿ ‘ಸ್ವಮಗ್ನತಾ’ ಎಂದಿದ್ದರೆ ನಮ್ಮವರು ಗಾಬರಿಯಾಗಬೇಕಿಲ್ಲ, ಅದು ಇದೇ. ಪ್ರಮಾಣಪತ್ರ ಕೈಗೆ ಬಂದೊಡನೆ, ತಂದೆ ಬದುಕಿರುವಾಗಲೇ, ಮಗುವಿನ ಹೆಸರನ್ನು ಪಿಂಚಣಿ ಆದೇಶದಲ್ಲಿ ಬರೆಯಿಸಿಕೊಳ್ಳಬೇಕು. ಆಮೇಲೆ ವಿಧವೆ ತಾಯಿಯೊಬ್ಬಳೇ ಅಲೆಯುವುದು ತಪ್ಪುತ್ತದೆ. ಅರ್ಜಿಯ ದಾರಿಯನ್ನು ಸಾಂಗಲಿಯ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಬಹುದು.

ಇನ್ನೊಂದು ಮಾತು. ಮಗುವಿಗೆ 18 ತುಂಬಿದರೆ ಹೆತ್ತವರೂ ಕಾಯ್ದೆಯ ಕಣ್ಣಿನಲ್ಲಿ ತಾನಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಟ್ಟು ಪೋಷಕರೆಂಬ ಪತ್ರ ಪಡೆಯಬೇಕು. ಮುಂದೆ ಆ ಮಗುವಿನ ಪರವಾಗಿ ಪಿಂಚಣಿ ಪಡೆಯುವಾಗ ಕೇಳುವ ಪತ್ರಗಳಲ್ಲಿ ಇದೂ ಒಂದು.