ಮತ್ತೇನರ ವಿಶೇಷ?

ಪ್ರತಿ ಭಾನುವಾರ ಬೆಳಿಗ್ಗೆ ಬ್ಯಾಡಗಿಯಿಂದ ಅವ್ವನ ಫೋನು. ಮಳೆ, ಮೆಣಸಿನಕಾಯಿ ರೇಟು, ಯಾರದೋ ಮನೆ ಮದುವೆ ಎಲ್ಲ ಮುಗಿದ ಮೇಲೆ ದನಿ ಸಣ್ಣದಾಗುತ್ತದೆ: ‘ಮತ್ತೇನರ ವಿಶೇಷ?’

ಮದುವೆಯಾದ ಹೆಣ್ಣುಮಗಳಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪುಣೆಗೆ ಬಂದು ಒಂಬತ್ತು ವರ್ಷ, ಮದುವೆಯಾಗಿ ಐದು. ನನಗೀಗ 33. ಈ ವಯಸ್ಸಿಗೆ ಅವ್ವನಿಗೆ ಮೂವರು ಮಕ್ಕಳು; ಹಿರಿಯವಳಾದ ನಾನು ಎಂಟನೇ ಇಯತ್ತೆ.

ಇಲ್ಲಿ ಆಫೀಸಿನಲ್ಲಿ ಯಾರೂ ಕೇಳುವುದಿಲ್ಲ. ನನ್ನ ಟೀಮಿನಲ್ಲಿ ಮೂವತ್ತು ದಾಟಿದ ಏಳು ಹೆಂಗಸರಲ್ಲಿ ಮಕ್ಕಳಿರುವುದು ಇಬ್ಬರಿಗೆ. ನಾವು ಬೇಡ ಎಂದವರಲ್ಲ, ‘ಆಮೇಲೆ’ ಎಂದವರು. ಈ ಪ್ರಾಜೆಕ್ಟ್ ಮುಗಿಯಲಿ, ಹಡಪಸರದ ಫ್ಲ್ಯಾಟಿನ ಸಾಲ ಸ್ವಲ್ಪ ಇಳಿಯಲಿ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಸರಿ. ರಜೆ ಮುಗಿದ ಮರುದಿನ ಕೂಸನ್ನು ನೋಡುವವರು ಯಾರು? 50 ನೌಕರರಿರುವ ಕಚೇರಿಗೆ ಶಿಶುಪಾಲನಾ ಕೇಂದ್ರ ಬೇಕೆಂದೂ ಅದೇ ಕಾನೂನು ಹೇಳುತ್ತದೆ. ನಮ್ಮಲ್ಲೂ ಇದೆ, ಹಿಂಜವಡಿಯಲ್ಲಿ. ಆ ಟ್ರಾಫಿಕ್ಕಿನಲ್ಲಿ ಆರು ತಿಂಗಳ ಕೂಸನ್ನು ದಿನಾ ಊರಿನ ಈ ತುದಿಯಿಂದ ಆ ತುದಿಗೆ ಒಯ್ಯುವ ಧೈರ್ಯ ನನಗಿಲ್ಲ.

(ಯಜಮಾನರಿಗೆ 36. ಅವರನ್ನು ಯಾರೂ ವಿಶೇಷ ಕೇಳುವುದಿಲ್ಲ, ‘ಪ್ರಮೋಷನ್ ಆತೇನ್ರಿ?’ ಅನ್ನುತ್ತಾರೆ.)

ಒಮ್ಮೆ ಅವ್ವನಿಗೆ ಅಂಕಿಅಂಶ ಓದಿ ಹೇಳಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು, ನಮ್ಮ ಕಡೆಯೂ ಕಾಲ ಬದಲಾಗಿದೆ ಎಂದೆ. ‘ಆಗ್ಲಿ ಬಿಡು, ಅದರಾಗ ನಿಂದೊಂದು ಇರ್ಲಿ’ ಎಂದಳು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ, ಅಟ್ಟದ ಮೇಲಿನ ಡಬ್ಬಿ ಇಳಿಸಲು ನನ್ನನ್ನು ಕರೆದಳು. ಎಂದೂ ಕರೆದವಳಲ್ಲ. ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಳು. ‘ನಿಂಗ ವಯಸ್ಸಾತಂತ ಕೇಳೂದಲ್ಲ ಯವ್ವಾ, ನಂಗ ಆಗಾಕತ್ತೈತಿ. ಬಾಣಂತನ ಮಾಡೂ ಕಸುವು ಇರೂದ್ರೊಳಗ ಆದ್ರ ಚಲೋ. ಹ್ವಾದ ಸಲ ನಿಮ್ಮಲ್ಲಿ ಬಂದಾಗ ಲಿಫ್ಟ್ ಕೆಟ್ಟಿತ್ತಲ್ಲ, ನಾಕು ಮಾಳಿಗಿ ಹತ್ತೂದ್ರಾಗ ಸಾಕಾಗಿತ್ತು.’

ನನ್ನ ವಯಸ್ಸು, ಸಾಲದ ಕಂತು, ರಜೆಯ ವಾರ ಎಲ್ಲ ಲೆಕ್ಕ ಹಾಕಿದ್ದೆವು. ಅವ್ವನ ವಯಸ್ಸು ಅದರಲ್ಲಿ ಇರಲೇ ಇಲ್ಲ. ಪುಣೆಗೆ ಬಂದ ಮೇಲೆ ನಾವಿಬ್ಬರೂ ಕೂತು ಮತ್ತೆ ಮಾತಾಡಿದೆವು. ಇನ್ನೂ ತೀರ್ಮಾನವಾಗಿಲ್ಲ, ಆದರೆ ‘ಆಮೇಲೆ’ ಎಂಬ ಮಾತು ಮೊದಲಿನಷ್ಟು ಸುಲಭವಾಗಿ ಬಾಯಿಗೆ ಬರುತ್ತಿಲ್ಲ.

ಹೋದ ಭಾನುವಾರ ಅವ್ವ ವಿಶೇಷ ಕೇಳಲಿಲ್ಲ. ‘ನಿಮ್ಮ ಬಿಲ್ಡಿಂಗಿನ ಲಿಫ್ಟ್ ರಿಪೇರಿ ಆತೇನು?’ ಎಂದಳು.

ಆಗೇತಿ ಎಂದೆ.