ಸಮಾಜವಿಜ್ಞಾನ ಸಂಶೋಧನೆಯಲ್ಲಿ ರಚನಾ ಸಮೀಕರಣ ಮಾದರಿ: ಹುಬ್ಬಳ್ಳಿ-ಧಾರವಾಡದ ನೀರು ಪೂರೈಕೆಯ ನಿದರ್ಶನ

ವಿಶ್ವಾಸ, ತೃಪ್ತಿ ಮೊದಲಾದವನ್ನು ಮಳೆ ಅಥವಾ ಇಳುವರಿಯಂತೆ ನೇರವಾಗಿ ಅಳೆಯಲು ಬರುವುದಿಲ್ಲ. ಪ್ರಶ್ನಾವಳಿಯ ಉತ್ತರಗಳಿಂದ ಅನುಮಾನಿಸಬೇಕಾಗುತ್ತದೆ. ಇಂತಹ ಅವ್ಯಕ್ತ ಚಲಕಗಳನ್ನೂ ಅವುಗಳ ಪರಸ್ಪರ ಸಂಬಂಧಗಳನ್ನೂ ಏಕಕಾಲದಲ್ಲಿ ಪರೀಕ್ಷಿಸುವ ಸಂಖ್ಯಾಶಾಸ್ತ್ರೀಯ ವಿಧಾನವೇ ರಚನಾ ಸಮೀಕರಣ ಮಾದರಿ. 1904ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಆರಂಭಿಸಿದ ಅಪವರ್ತನ ವಿಶ್ಲೇಷಣೆ ಮತ್ತು 1921ರಲ್ಲಿ ಸೀವಾಲ್ ರೈಟ್ ನಿರೂಪಿಸಿದ ಪಥ ವಿಶ್ಲೇಷಣೆ ಇದರ ಮೂಲಗಳು. 1970ರ ದಶಕದಲ್ಲಿ ಸ್ವೀಡನ್ನಿನ ಕಾರ್ಲ್ ಯೊರೆಸ್ಕೋಗ್ ಇವೆರಡನ್ನೂ ಬೆಸೆದು, ಲಿಸ್ರೆಲ್ ಎಂಬ ತಂತ್ರಾಂಶದ ಮೂಲಕ ಬಳಕೆಗೆ ತಂದರು.

ಈ ವಿಧಾನದ ಶಕ್ತಿ ಹಾಗೂ ಮಿತಿಗಳನ್ನು ಅರಿಯಲು ಹುಬ್ಬಳ್ಳಿ-ಧಾರವಾಡದ ನೀರು ಪೂರೈಕೆ ಉತ್ತಮ ನಿದರ್ಶನ. 2008ರ ಹೊತ್ತಿಗೆ ಅವಳಿನಗರದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನಳದಲ್ಲಿ ನೀರು ದೊರೆಯತೊಡಗಿತು. ಉಳಿದ ವಾರ್ಡುಗಳಿಗೆ ಕೆಲವು ದಿನಗಳಿಗೊಮ್ಮೆ ಬರುತ್ತಿತ್ತು. ನೀರಿನ ಗುಣಮಟ್ಟದ ಬಗೆಗಿನ ಅಭಿಪ್ರಾಯವು ಪಾಲಿಕೆಯ ಮೇಲಿನ ವಿಶ್ವಾಸವನ್ನೂ, ಆ ವಿಶ್ವಾಸವು ಶುಲ್ಕ ಪಾವತಿಸುವ ಇಚ್ಛೆಯನ್ನೂ ರೂಪಿಸುತ್ತದೆಯೆಂದು ಸಂಶೋಧಕನೊಬ್ಬನು ಭಾವಿಸಿದನೆನ್ನೋಣ. ಅವನು ಪ್ರತಿಯೊಂದು ಚಲಕಕ್ಕೂ ಮೂರು-ನಾಲ್ಕು ಪ್ರಶ್ನೆಗಳನ್ನು ಸೂಚಕಗಳಾಗಿ ಇರಿಸುತ್ತಾನೆ. ಪ್ರಶ್ನೆಗಳು ಚಲಕವನ್ನು ಸರಿಯಾಗಿ ಪ್ರತಿನಿಧಿಸುತ್ತವೆಯೇ ಎಂಬುದನ್ನು ಮಾಪನ ಮಾದರಿಯೂ, ಚಲಕಗಳ ನಡುವಣ ಸಂಬಂಧವನ್ನು ರಚನಾ ಮಾದರಿಯೂ ತಿಳಿಸುತ್ತವೆ. ಉತ್ತರಗಳಲ್ಲಿನ ಮಾಪನದೋಷವನ್ನು ಬೇರ್ಪಡಿಸುವುದು ಈ ವಿಧಾನದ ಮುಖ್ಯ ಲಾಭ.

ಆದರೆ ಒಂದು ಎಚ್ಚರಿಕೆ ಅಗತ್ಯ. ಅಭಿಪ್ರಾಯದಿಂದ ವಿಶ್ವಾಸ, ವಿಶ್ವಾಸದಿಂದ ಇಚ್ಛೆ ಎಂಬ ಕ್ರಮವನ್ನು ಪೂರ್ತಿಯಾಗಿ ತಿರುಗಿಸಿದರೂ, ವಿಶ್ವಾಸವೇ ಉಳಿದೆರಡಕ್ಕೂ ಕಾರಣವೆಂದು ಇಟ್ಟರೂ, ಒಮ್ಮೆ ಮಾತ್ರ ಸಂಗ್ರಹಿಸಿದ ದತ್ತಾಂಶದೊಡನೆ ಮೂರೂ ಮಾದರಿಗಳ ಹೊಂದಿಕೆ ಒಂದೇ ಆಗಿರುತ್ತದೆ. ಬಾಣದ ದಿಕ್ಕನ್ನು ಗಣಕವು ಕಂಡುಹಿಡಿಯುವುದಿಲ್ಲ. ಸಂಶೋಧಕನೇ ಅದನ್ನು ಎಳೆದಿರುತ್ತಾನೆ. ಆದುದರಿಂದ ಉತ್ತಮ ಹೊಂದಿಕೆಯು ಕಾರ್ಯಕಾರಣ ಸಂಬಂಧದ ಪ್ರಮಾಣವಲ್ಲ.

ದಿಕ್ಕನ್ನು ಸಮರ್ಥಿಸುವುದು ಅಧ್ಯಯನದ ವಿನ್ಯಾಸ. 2015ರಲ್ಲಿ ಪ್ರಕಟವಾದ, ಅವಳಿನಗರದ 3,922 ಕುಟುಂಬಗಳ ಆರೋಗ್ಯ ಅಧ್ಯಯನವು ರಚನಾ ಸಮೀಕರಣವನ್ನು ಬಳಸಿದ್ದಲ್ಲ. ವಾರ್ಡುಗಳ ಆಯ್ಕೆ ಯಾದೃಚ್ಛಿಕವಾಗಿರದ ಕಾರಣ, ಅದು ಎರಡೂ ಬಗೆಯ ಪೂರೈಕೆಯ ಸಮಾನ ಸ್ಥಿತಿಯ ವಾರ್ಡುಗಳನ್ನು ಹೊಂದಿಸಿ ಅಲ್ಲಿನ ಕುಟುಂಬಗಳನ್ನು ಹೋಲಿಸಿತು. ನಿರಂತರ ನೀರು ಇದ್ದಲ್ಲಿ ವಿಷಮಶೀತಜ್ವರ ಕಡಿಮೆ ವರದಿಯಾಯಿತು. ಮಕ್ಕಳ ಅತಿಸಾರದಲ್ಲಿ ಒಟ್ಟಾರೆಯಾಗಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನೀರು ಬಂದರೆ ಎಲ್ಲ ರೋಗವೂ ತಗ್ಗುವುದೆಂಬ ಸರಳ ಊಹೆಯನ್ನು ಈ ಫಲಿತಾಂಶ ಪ್ರಶ್ನಿಸುತ್ತದೆ. ಮನೆಯಲ್ಲಿ ನೀರು ಸಂಗ್ರಹಿಸುವ ರೂಢಿ, ನೈರ್ಮಲ್ಯ, ಆದಾಯ ಇವುಗಳ ಮೂಲಕ ಪರಿಣಾಮ ಹೇಗೆ ಹರಿಯುತ್ತದೆಂಬ ಮುಂದಿನ ಪ್ರಶ್ನೆಗೆ ರಚನಾ ಸಮೀಕರಣವು ತಕ್ಕ ಸಾಧನ. ಇಂತಹ ಫಲಿತಾಂಶಗಳನ್ನು ನೆಚ್ಚಿ ಸಾರ್ವಜನಿಕ ಹಣ ವ್ಯಯವಾಗುವುದರಿಂದ, ಪ್ರತಿಯೊಂದು ಬಾಣಕ್ಕೂ ಆಧಾರವನ್ನು ಕ್ಷೇತ್ರಜ್ಞಾನದಿಂದ ಮೊದಲೇ ಒದಗಿಸುವುದು ಸಂಶೋಧಕನ ಹೊಣೆ.