ಯಂತ್ರವಿದ್ಯೆಯ ಆಚಾರ್ಯ ವುಡೀ ಫ್ಲವರ್ಸ್

ಯಂತ್ರಗಳನ್ನು ನಿರ್ಮಿಸಿದವರನ್ನು ಲೋಕವು ಬಹುಕಾಲ ನೆನೆಯುತ್ತದೆ. ಆ ನಿರ್ಮಾಪಕರನ್ನು ತಿದ್ದಿ ತೀಡಿದ ಉಪಾಧ್ಯಾಯರನ್ನಾದರೋ ಬೇಗನೆ ಮರೆಯುತ್ತದೆ. ಅಮೇರಿಕೆಯ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಲಯದಲ್ಲಿ ಆಚಾರ್ಯರಾಗಿದ್ದು 2019ರ ಅಕ್ಟೋಬರಿನಲ್ಲಿ ಕಾಲವಾದ ವುಡೀ ಫ್ಲವರ್ಸರು ಹಾಗೆ ಮರೆಯತಕ್ಕವರಲ್ಲ.

ಇವರು 1943ರಲ್ಲಿ ಲೂಸಿಯಾನಾ ಪ್ರಾಂತದ ಜೀನಾ ಎಂಬ ಸಣ್ಣ ಊರಿನಲ್ಲಿ ಜನಿಸಿದರು. 1973ರಲ್ಲಿ ಡಾಕ್ಟರ್ ಪದವಿಗಾಗಿ ಇವರು ಕೈಕೊಂಡ ಸಂಶೋಧನೆಯು ತೊಡೆಯ ಮಟ್ಟದಲ್ಲಿ ಕಾಲು ಕಳೆದುಕೊಂಡವರ ಕೃತಕ ಮೊಣಕಾಲನ್ನು ಕುರಿತದ್ದು. ಅಂಗವಿಕಲನು ಗಣಕಯಂತ್ರಕ್ಕೆ ಜೋಡಿಸಿದ ಮೊಣಕಾಲನ್ನು ತೊಟ್ಟು ನಡೆಯುತ್ತಿರುವಾಗಲೇ ಅದರ ವರ್ತನೆಯನ್ನು ಬದಲಿಸಿ ಪರೀಕ್ಷಿಸುವ ಸಾಧನವನ್ನು ಅವರು ರಚಿಸಿದರು. ಮನುಷ್ಯನ ಅನುಕೂಲವೇ ಯಂತ್ರದ ಒರೆಗಲ್ಲೆಂಬ ಪಾಠ ಅವರಿಗೆ ಅಲ್ಲಿಯೇ ದೊರೆಯಿತೆನ್ನಬಹುದು.

1970ರ ದಶಕದಲ್ಲಿ ಯಂತ್ರರಚನೆಯ ಪ್ರಾರಂಭಿಕ ತರಗತಿಯು ಅವರ ಕೈಗೆ ಬಂದಿತು. ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೇ ಬಗೆಯ ಬಿಡಿಭಾಗಗಳ ಗಂಟು ದೊರೆಯುತ್ತಿತ್ತು. ಗೊತ್ತಾದ ಅವಧಿಯೊಳಗೆ ಅದರಿಂದ ಯಂತ್ರವೊಂದನ್ನು ರಚಿಸಿ, ಎಲ್ಲರೆದುರು ಪಂದ್ಯಕ್ಕಿಳಿಸಬೇಕು. ಆಟಿಕೆಗಳಿಂದ ವಿದ್ಯೆ ಬರುವುದೆಂತು ಎಂದು ಕೆಲವರು ಕೇಳಿಯಾರು. ಕಾಗದದ ಮೇಲಿನ ಲೆಕ್ಕದಲ್ಲಿ ಘರ್ಷಣೆಯನ್ನು ಬಿಟ್ಟುಬಿಡಬಹುದು. ಪಂದ್ಯದಲ್ಲಿ ಘರ್ಷಣೆಯು ಯಾರನ್ನೂ ಬಿಡುವುದಿಲ್ಲ. ಗಾಲಿ ಜಾರಿದಾಗ, ಹಲ್ಲುಚಕ್ರ ಸಿಕ್ಕಿಕೊಂಡಾಗ ಕಲಿತ ಪಾಠವು ಪರೀಕ್ಷೆ ಮುಗಿದ ಮೇಲೂ ಮರೆತುಹೋಗದು.

ಈ ಪದ್ಧತಿಯು ಆ ವಿದ್ಯಾಲಯದ ಗೋಡೆಯೊಳಗೆ ನಿಲ್ಲಲಿಲ್ಲ. ಡೀನ್ ಕೇಮನ್ ಎಂಬ ಯಂತ್ರಶೋಧಕರು 1989ರಲ್ಲಿ 'ಫಸ್ಟ್' ಸಂಸ್ಥೆಯನ್ನು ಸ್ಥಾಪಿಸಿದಾಗ, ಪ್ರೌಢಶಾಲೆಯ ಮಕ್ಕಳಿಗಾಗಿ ರೋಬಾಟ್ ಪಂದ್ಯವನ್ನು ರೂಪಿಸಲು ಫ್ಲವರ್ಸರು ನೆರವಾದರು. 1992ರಲ್ಲಿ ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಶಾಲೆಯೊಂದರ ವ್ಯಾಯಾಮಶಾಲೆಯಲ್ಲಿ 28 ತಂಡಗಳೊಡನೆ ಮೊದಲಾದ ಆ ಪಂದ್ಯ ಇಂದು ಅನೇಕ ದೇಶಗಳಿಗೆ ಹಬ್ಬಿದೆ. ಎದುರಾಳಿಯ ಯಂತ್ರ ಕೆಟ್ಟರೆ ತನ್ನ ಉಪಕರಣವನ್ನೇ ಕೊಟ್ಟು ಸರಿಪಡಿಸಿ, ಆಮೇಲೆ ಅವನೊಡನೆ ಹೋರಾಡುವುದು ಅಲ್ಲಿನ ಸಂಪ್ರದಾಯ. ಪೈಪೋಟಿಗೂ ಸೌಜನ್ಯಕ್ಕೂ ವಿರೋಧವಿಲ್ಲವೆಂಬುದು ಅವರ ಬೋಧನೆಯ ತಿರುಳು.

ತರಬೇತು ಬೇರೆ, ವಿದ್ಯೆ ಬೇರೆ ಎಂದು 2012ರಲ್ಲಿ ಅವರು ಬರೆದುದು ವಿಚಾರಾರ್ಹವಾಗಿದೆ. ಗಣಿತದ ಸೂತ್ರಗಳನ್ನು ಕಲಿಯುವುದು ತರಬೇತು. ಆ ಗಣಿತದಿಂದ ಆಲೋಚಿಸಲು ಕಲಿಯುವುದು ವಿದ್ಯೆ. ಮೊದಲನೆಯದನ್ನು ಯಂತ್ರಗಳೇ ಕೊಡಬಲ್ಲವು. ಎರಡನೆಯದಕ್ಕೆ ಗುರುವಿನ ಸಾನ್ನಿಧ್ಯ ಬೇಕು.

ನಮ್ಮಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ, ಪದವೀಧರರಿಗೂ ಕೊರತೆಯಿಲ್ಲ. ಆದರೆ ಅಂಕಪಟ್ಟಿಯನ್ನು ಹಿಡಿದು ಬರುವ ತರುಣರಲ್ಲಿ ಎಷ್ಟು ಮಂದಿ ತಮ್ಮ ಕೈಯಾರೆ ಒಂದು ಯಂತ್ರವನ್ನು ಕಟ್ಟಿ, ಅದು ಕೆಟ್ಟುದನ್ನು ಕಂಡು, ಮತ್ತೆ ಕಟ್ಟಿದ್ದಾರೆ? ಪಾಠಕ್ರಮವನ್ನು ಗೊತ್ತುಮಾಡುವ ಅಧಿಕಾರಿಗಳೂ, ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ತಂದೆತಾಯಿಗಳೂ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಆ ಆಚಾರ್ಯರಿಗೆ ಸಲ್ಲಿಸಬಹುದಾದ ಯೋಗ್ಯವಾದ ಗೌರವವಾದೀತು.